ಬಿಗಿ ಮುಚ್ಚಳ

ಮಾರ್ಚ್ 3, ಸೋಮವಾರ
ಇನ್ನು 41 ದಿನ.

ಮಾವನವರು ಬೆಳಗಿನ ರೈಲಿಗೆ ಬಂದಿಳಿದರು. ಒಂದು ಟ್ರಂಕು, ಒಂದು ಊರುಗೋಲು, ಬಟ್ಟೆಯಲ್ಲಿ ಸುತ್ತಿದ ಒಂದು ಖಾಲಿ ರಿಜಿಸ್ಟರು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಾಗಿನಿಂದ ನಮ್ಮ ಯಜಮಾನರ ಅಕ್ಕನ ಮನೆಯಲ್ಲಿದ್ದರು. ಅಲ್ಲೀಗ ಕೆಳಗಿನ ಕೋಣೆ, ಬಚ್ಚಲು ಎರಡನ್ನೂ ಅವರಿಗೆ ಅನುಕೂಲವಾಗುವಂತೆ ಒಡೆದು ಕಟ್ಟುತ್ತಿದ್ದಾರೆ. ಏಪ್ರಿಲ್ 13ರ ಭಾನುವಾರ ಅಕ್ಕ ಕಾರು ತಂದು ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ನಮ್ಮಲ್ಲಿ. ಇವರು ರೈಲು ಓಡಿಸುವವರು, ವಾರಕ್ಕೆ ಮೂರು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ 'ನಮ್ಮಲ್ಲಿ' ಎಂದರೆ ನನ್ನಲ್ಲಿ. ನಾನೇನು ಕೆಟ್ಟವಳಲ್ಲ, ಆದರೆ ಈ ತಿಂಗಳು ಬೇಡವಾಗಿತ್ತು.

ಇವತ್ತೇ ನಮ್ಮ ಚೆಂಡು ಬಾವಿಗೆ ಇಳಿದಿದೆ. ಮೂರು ವರ್ಷದ ಕೆಲಸ. ಊಟಕ್ಕೆ ಕೂತಾಗ ಮಾವ ಅದೇನು ಚೆಂಡು ಎಂದು ಕೇಳಿದರು. ಹೇಳಿದೆ. ಎಣ್ಣೆಬಾವಿಯ ಕೊಳವೆಯೊಳಗೆ ಉಕ್ಕಿನ ಬಳೆಯೊಂದು ಇರುತ್ತದೆ. ಕಿತ್ತಳೆ ಗಾತ್ರದ ಚೆಂಡು ಹೋಗಿ ಅದರ ಬಾಯಿಗೆ ಬಿರಡೆಯ ಹಾಗೆ ಕೂರಬೇಕು. ಮೇಲಿನಿಂದ ಒತ್ತಿದ ನೀರು ಆಗ ಕೆಳಗಿಳಿಯಲಾರದೆ ಪಕ್ಕದ ಬಂಡೆಯನ್ನು ಸೀಳುತ್ತದೆ. ಆ ಸೀಳಿನಿಂದ ಎಣ್ಣೆ, ಅನಿಲ ಹೊರಡುತ್ತವೆ. ಅಷ್ಟಾದ ಮೇಲೆ ಚೆಂಡು ತಾನಾಗಿಯೇ ಕರಗಿ ದಾರಿ ಬಿಡಬೇಕು. ಹೊರಗೆ ಪ್ಲಾಸ್ಟಿಕ್ಕಿನ ಕವಚ, ಒಳಗೆ ಬಿಸಿ ಉಪ್ಪುನೀರಿನಲ್ಲಿ ಕರಗುವ ಮೆಗ್ನೀಸಿಯಂ. ಒಂದು ದಿನ ಜಪ್ಪಯ್ಯ ಎಂದರೂ ಅಲ್ಲಾಡಬಾರದು, ಐದು ದಿನದೊಳಗೆ ಹೇಳಹೆಸರಿಲ್ಲದಂತೆ ಹೋಗಬೇಕು.

ಮಾವ ಮೂವತ್ತನಾಲ್ಕು ವರ್ಷ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿದ್ದವರು. ಎಲ್ಲ ಕೇಳಿಸಿಕೊಂಡು, ಅಲ್ಲಿ ನೀರು ನಿಂತಿರುತ್ತದೋ ಹರಿಯುತ್ತಿರುತ್ತದೋ ಎಂದರು. ಅದೆಲ್ಲ ನಿಮಗೆ ಯಾಕೆ ಮಾವ, ಊಟ ಮಾಡಿ ಎಂದೆ.

ಮಾರ್ಚ್ 6, ಗುರುವಾರ
ಇನ್ನು 38.

ಮಾವನವರು ಮನೆಯ ನೀರಿನ ಮೀಟರು ಓದಲು ಶುರು ಮಾಡಿದ್ದಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಹಳೆಯ ಕ್ಯಾಲೆಂಡರಿನ ಹಿಂದೆ ಎಡಗೈಯಲ್ಲಿ ಬರೆದಿಡುತ್ತಾರೆ. ಇವತ್ತು ಊಟದ ಹೊತ್ತಿಗೆ, ನಾನು ಸ್ನಾನಕ್ಕೆ ತೊಂಬತ್ತು ಲೀಟರು ಬಳಸುತ್ತೇನೆಂದು ಸಭೆಗೆ ವರದಿ ಒಪ್ಪಿಸಿದರು. ಸಭೆ ಎಂದರೆ ನಾನು ಮತ್ತು ಇವರು. ಇವರು ನಕ್ಕರು. ನಾನು ನಗಲಿಲ್ಲ.

ನನ್ನ ಮುಚ್ಚಳಗಳ ಬಗ್ಗೆಯೂ ದೂರು ಹೋಗಿದೆ. ಈ ಮನೆಯ ಡಬ್ಬ, ಬಾಟಲಿಗಳನ್ನು ಒಮ್ಮೆ ನಾನು ಮುಚ್ಚಿದರೆ ಮತ್ತೆ ತೆಗೆಯಲು ನಾನೇ ಬರಬೇಕು ಎಂದು ಇವರು ಮದುವೆಯಾದಾಗಿನಿಂದ ಗೊಣಗುತ್ತಾರೆ. ಸೋರದ ಹಾಗೆ ಮುಚ್ಚುವುದಕ್ಕೇ ನನಗೆ ಸಂಬಳ ಕೊಡುವುದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಬಾವಿಯಿಂದ ಸುದ್ದಿ: ಚೆಂಡು ಕೂತಿತು, ಹಿಡಿಯಿತು, ಬಂಡೆ ಸೀಳಿತು. ಇನ್ನು ಕರಗುವುದೊಂದು ಬಾಕಿ. ಲ್ಯಾಬಿನಲ್ಲಿ ಒಂದು ಸಲವೂ ನಾಲ್ಕು ದಿನಕ್ಕಿಂತ ಹೆಚ್ಚು ತೆಗೆದುಕೊಂಡಿಲ್ಲ.

ಮಾರ್ಚ್ 12, ಬುಧವಾರ
ಇನ್ನು 32.

ಕರಗಲಿಲ್ಲ.

ಒಂಬತ್ತು ದಿನ ಕಾದರು. ಕೊನೆಗೆ ಬೈರಿಗೆ ಇಳಿಸಿ ಚೆಂಡನ್ನು ಅರೆದು ತೆಗೆದರು. ನಿಮ್ಮ ಚೆಂಡು ಇಲ್ಲೇ ಸಂಸಾರ ಹೂಡಿತ್ತು ಎಂದು ಬಾವಿಯ ಮೇಸ್ತ್ರಿ ಫೋನಿನಲ್ಲಿ ಹೇಳಿದ. ಸಾಹೇಬರು ಕೂಗಾಡಲಿಲ್ಲ, ಅದೇ ಹೆದರಿಕೆ. ಏಪ್ರಿಲ್ 8ಕ್ಕೆ ಇನ್ನೊಂದು ಬಾವಿ ಸಿಗುತ್ತದಂತೆ, ಅದೇ ಕೊನೆಯದು. ಅಲ್ಲೂ ಕರಗದಿದ್ದರೆ ಚೆಂಡಿನ ವಿಭಾಗ ಮುಚ್ಚಿ, ನಮ್ಮ ಆರು ಜನರನ್ನೂ ವಾಲ್ವಿನ ಕಡೆಗೆ ಹಂಚುತ್ತಾರೆ.

ಮನೆಗೆ ಬಂದರೆ ಮಾವ ಮೀಟರಿನ ಲೆಕ್ಕ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿ ಕ್ಯಾಲೆಂಡರು ಮಡಚಿಕೊಂಡು ಒಳಗೆ ಹೋದರು. ಅಷ್ಟು ಮಾತ್ರ ಉಪಕಾರ.

ಮಾರ್ಚ್ 14, ಶುಕ್ರವಾರ
ಇನ್ನು 30.

ನಾಳೆ ಬಾವಿಗೆ ಹೊರಟಿದ್ದೇನೆ, ಐದು ದಿನ. ಲ್ಯಾಬಿನಲ್ಲಿ ವೈರಿಂಗ್ ರಿಪೇರಿ, ಕರೆಂಟಿಲ್ಲ. ಬಾವಿಗೆ ಇಳಿಸಿದ್ದರ ಜೊತೆಗೇ ತಯಾರಾದ ಒಂದು ಚೆಂಡನ್ನು ಮನೆಗೇ ತಂದು ಪರೀಕ್ಷೆಗೆ ಇಟ್ಟಿದ್ದೇನೆ. ಅಡುಗೆಮನೆಯ ಕಟ್ಟೆಯ ಮೇಲೆ ವಿದ್ಯುತ್ತಿನ ಬಿಸಿನೀರ ಪಾತ್ರೆ, ಅದರೊಳಗೆ ಗಾಜಿನ ಜಾಡಿ, ಜಾಡಿಯಲ್ಲಿ ಉಪ್ಪುನೀರು, ನೀರಿನಲ್ಲಿ ಚೆಂಡು. ದಿನವೂ ಬೆಳಿಗ್ಗೆ ಮುಚ್ಚಳ ತೆಗೆದು, ಹಳೆಯ ನೀರು ಚೆಲ್ಲಿ, ಹೊಸ ಉಪ್ಪುನೀರು ತುಂಬಬೇಕು. ಲ್ಯಾಬಿನ ಪದ್ಧತಿ ಹಾಗೆ.

ಇವರು ಡ್ಯೂಟಿಗೆ ಹೋಗಿಬರುತ್ತಿರುತ್ತಾರೆ, ನಂಬಿ ಕೂರುವಂತಿಲ್ಲ. ಮಾವನನ್ನು ಕೇಳಿದೆ. ಕೇಳಿದ್ದೇ ತಡ ಟ್ರಂಕಿನಿಂದ ಆ ಖಾಲಿ ರಿಜಿಸ್ಟರು ಹೊರಗೆ ಬಂತು. ಅಡ್ಡಗೆರೆ, ಉದ್ದಗೆರೆ ಎಳೆದು, ತಾರೀಖು, ಹೊತ್ತು, ನೀರು, ಚೆಂಡಿನ ಸ್ಥಿತಿ ಎಂದು ತಲೆಬರಹ ಹಾಕಿದರು. ಗೆರೆಗಳು ಡೊಂಕು. ಹೊಸ ಕೆಲಸಕ್ಕೆ ಸೇರಿದವರ ಹಾಗೆ ಹೊತ್ತಿಗೆ ಮೊದಲೇ ಶರ್ಟು ಹಾಕಿಕೊಂಡು ಬಂದಿದ್ದರು.

ಮಧ್ಯಾಹ್ನದ ಊಟ ಎದುರು ಮನೆಯ ಟೈಲರ್ ತಂದುಕೊಡುತ್ತಾನೆ. ಗುಳ್ಳೆಯ ಗಾಳಿ ಹೋಗಲು ಜಾಡಿಯ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿದೆ, ಮುಚ್ಚಳ ನಾನೇ ಬಿಗಿ ಮಾಡಿದ್ದೇನೆ.

ಮಾರ್ಚ್ 17, ಸೋಮವಾರ
27.

ಬಾವಿಯ ಬಳಿ. ಗಾಳಿ, ಧೂಳು, ತಗಡಿನ ಕೋಣೆ. ಅರೆದ ಚೆಂಡಿನ ಚೂರುಗಳನ್ನು ನೋಡಿದೆ. ಮೇಲೆಲ್ಲ ಬಿಳಿಯ ಗಟ್ಟಿ ಸಿಪ್ಪೆ. ಯಾಕೆಂದು ತಿಳಿಯಲಿಲ್ಲ.

ಮನೆಗೆ ಫೋನ್ ಮಾಡಿದೆ. "ಏಳು ಗಂಟೆ ಹತ್ತು ನಿಮಿಷಕ್ಕೆ ನೀರು ಬದಲಿಸಲಾಗಿದೆ. ಚೆಂಡು ಹಾಗೇ ಇದೆ," ಎಂದು ಮಾವ ಸರ್ಕಾರಿ ದನಿಯಲ್ಲಿ ಹೇಳಿದರು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಗು ಬಂತು.

ಮಾರ್ಚ್ 20, ಗುರುವಾರ
24.

ವಾಪಸು ಬಂದೆ. ಚೆಂಡು ನಿಜಕ್ಕೂ ಹಾಗೇ ಇದೆ. ಆರು ದಿನವಾಗಿದೆ. ಹೊರಗಿನ ಕವಚ ಹೋಗಿದೆ, ಒಳಗಿನದು ಬಿಳಿ ಸಿಪ್ಪೆ ಹೊದ್ದು ಕೂತಿದೆ, ಬಾವಿಯಲ್ಲಿದ್ದಂತೆಯೇ. ನೀರು ಮಸಿ ಕದಡಿದ ಹಾಗಿದೆ. ರಿಜಿಸ್ಟರಿನಲ್ಲಿ ಐದು ದಿನದ ಐದು ಸಾಲು: ನೀರು ಬದಲಿಸಿದೆ, ನೀರು ಬದಲಿಸಿದೆ.

ಜೊತೆಗೇ ತಯಾರಾದ ಚೆಂಡು ಲ್ಯಾಬಿನಲ್ಲಿ ನಾಲ್ಕು ದಿನಕ್ಕೆ ಕರಗುತ್ತದೆ, ಮನೆಯಲ್ಲಿ ಕರಗುವುದಿಲ್ಲ. ನೀರು ಅದೇ, ಉಪ್ಪು ಅದೇ, ಬಿಸಿ ಅದೇ.

ಮಾರ್ಚ್ 22, ಶನಿವಾರ
22.

ತಲೆ ಕೆಟ್ಟು ಹೋಗಿದೆ. ಎರಡು ಚೆಂಡು ಕೊಯ್ದು ನೋಡಿದೆ. ಲೋಹದಲ್ಲಿ ತಪ್ಪಿಲ್ಲ. ಮೆಗ್ನೀಸಿಯಂ ಕೊಟ್ಟವನ ಮೇಲೆ ರೇಗಿದೆ, ಅವನ ತಪ್ಪೂ ಅಲ್ಲ. ಮಾವನನ್ನೂ ಮೂರು ಸಲ ಕೇಳಿದೆ, ದಿನವೂ ಬದಲಿಸಿದ್ದು ಹೌದಾ ಎಂದು. ಮೂರನೆಯ ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಇವರು ಸನ್ನೆ ಮಾಡಿ ನನ್ನನ್ನು ಒಳಗೆ ಕರೆದು, ಅಪ್ಪನ ರಿಜಿಸ್ಟರಿನ ಮೇಲೆ ಅನುಮಾನ ಪಡಬೇಡ, ಅವರಿಗೆ ಅದು ಪ್ರಾಣ ಎಂದರು. ಪಾಪ, ಅನುಮಾನ ಪಟ್ಟೆನೆಂದು ನನಗೇ ಬೇಜಾರಾಯಿತು.

ಮಾರ್ಚ್ 23, ಭಾನುವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಬೆಳಿಗ್ಗೆ ಅಡುಗೆಮನೆಗೆ ಬಂದರೆ ಮಾವ ಕುರ್ಚಿಯಲ್ಲಿ ಕೂತು, ಬಿಸ್ಕತ್ತಿನ ಡಬ್ಬವನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು, ಎಡಗೈಯಲ್ಲಿ ಮುಚ್ಚಳ ತಿರುಗಿಸುತ್ತಿದ್ದರು. ಬಲಗೈ ಡಬ್ಬದ ಮೇಲೆ ಸುಮ್ಮನೆ ಕೂತಿತ್ತು. ಮುಚ್ಚಳ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ, ಡಬ್ಬವನ್ನು ಇದ್ದಲ್ಲೇ ಇಟ್ಟು, ಬರೀ ಟೀ ಕುಡಿಯಲು ಶುರು ಮಾಡಿದರು. ಆ ಡಬ್ಬದಲ್ಲಿ ಬಿಸ್ಕತ್ತು ಯಾಕೆ ಖಾಲಿಯಾಗುತ್ತಿಲ್ಲ ಎಂದು ಈ ಮೂರು ವಾರ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ನನ್ನ ಕಣ್ಣು ಜಾಡಿಯ ಕಡೆ ಹೋಯಿತು. ಮಾವನ ಕಣ್ಣೂ ಅಲ್ಲಿಗೇ ಹೋಯಿತು.

"ಮುಚ್ಚಳ ತೆಗೆಯೋಕೆ ಆಗಲಿಲ್ಲಮ್ಮ," ಎಂದರು. "ಒಂದು ದಿನವೂ ಆಗಲಿಲ್ಲ."

ಟೈಲರನಿಗಾದರೂ ಹೇಳಬಾರದಿತ್ತೇ ಎಂದೆ. ದನಿ ಏರಿತ್ತು, ಸುಳ್ಳು ಹೇಳುವುದಿಲ್ಲ.

"ಅವನು ನಿನಗೆ ಹೇಳ್ತಿದ್ದ. ನೀನು ನನ್ನ ಮಗನಿಗೆ ಹೇಳ್ತಿದ್ದೆ, ಅವನು ಅವನ ಅಕ್ಕನಿಗೆ. ಅವಳು ಮಾರನೇ ದಿನವೇ ಕಾರು ತರ್ತಿದ್ದಳು. ಅಲ್ಲಿ ಚೆನ್ನಾಗೇ ನೋಡ್ಕೋತಾರಮ್ಮ, ಲೋಟ ಕೂಡ ಎತ್ತೋಕೆ ಬಿಡಲ್ಲ. ಇಲ್ಲಿ ನೀನು ಕೆಲಸ ಕೊಟ್ಟೆ."

ಆಮೇಲೆ ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಾಲೂ ಸುಳ್ಳು ಬರೆದಿರಲಿಲ್ಲ ಎಂದು ಹೇಳಿ, ತಲೆ ತಗ್ಗಿಸಿ ಕೂತರು. ನಾನು ಬಟ್ಟೆಯ ಬಕೆಟ್ಟು ಹಿಡಿದು ಮಹಡಿಗೆ ಹೋದೆ. ಸಿಟ್ಟು ಬಂದಿತ್ತು. ಎರಡು ದಿನ ಹಾಳಾಗಿತ್ತು. ಇವರ ಸಮವಸ್ತ್ರ ಹಿಂಡುತ್ತಾ, ನನ್ನ ಜಾಡಿಯ ನೀರು ಆರು ದಿನ ಒಂದೇ ನೀರಾಗಿ ನಿಂತಿತ್ತಲ್ಲ ಎಂದುಕೊಂಡೆ. ಮರುಕ್ಷಣ ಇನ್ನೊಂದು ಮಾತು ಹೊಳೆಯಿತು. ಬಾವಿಯೊಳಗೆ ಮಾತ್ರ ದಿನಾ ಬೆಳಿಗ್ಗೆ ಯಾರು ಹೋಗಿ ನೀರು ಬದಲಿಸುತ್ತಾರೆ?

ಮೆಟ್ಟಿಲಿಳಿಯುವಾಗ ಬೀಳುವುದೊಂದು ಬಾಕಿ. ಮಾವ ಇನ್ನೂ ಹಾಗೇ ಕೂತಿದ್ದರು. ನಾನು ಅವರ ಎದುರು ನೆಲದ ಮೇಲೆ ಕೂತು ಹೇಳಿದೆ. ಚೆಂಡು ಕರಗಿದಷ್ಟೂ ಸುತ್ತಲಿನ ನೀರು ಕ್ಷಾರವಾಗುತ್ತದೆ, ಆ ನೀರೇ ಚೆಂಡಿಗೆ ಬಿಳಿ ಸಿಪ್ಪೆ ಕಟ್ಟುತ್ತದೆ, ಸಿಪ್ಪೆ ಕಟ್ಟಿದ ಮೇಲೆ ಕರಗುವುದು ನಿಲ್ಲುತ್ತದೆ. ಲ್ಯಾಬಿನಲ್ಲಿ ನಾವು ದಿನಾ ನೀರು ಬದಲಿಸಿ ಸಿಪ್ಪೆ ಕಟ್ಟಲು ಬಿಟ್ಟೇ ಇರಲಿಲ್ಲ. ಮೂರು ವರ್ಷ ನಮಗೆ ನಾವೇ ಮೋಸ ಮಾಡಿಕೊಂಡಿದ್ದೆವು. ಬಾವಿಯಲ್ಲಿ ನಡೆಯುವುದನ್ನು ಯಥಾವತ್ತಾಗಿ ಮಾಡಿ ತೋರಿಸಿದವರು ನೀವೊಬ್ಬರೇ ಎಂದೆ.

"ನಿಂತ ನೀರೋ ಹರಿಯೋ ನೀರೋ ಅಂತ ಮೊದಲ ದಿನವೇ ಕೇಳಿದ್ದೆ," ಎಂದರು ಮಾವ. ಕಣ್ಣು ಒದ್ದೆಯಾಗಿದ್ದರೂ ದನಿಯಲ್ಲಿ ಹಳೆಯ ನೌಕರನ ಗತ್ತು ಬಂದಿತ್ತು.

ಬಿಸ್ಕತ್ತಿನ ಡಬ್ಬ ತೆಗೆದುಕೊಟ್ಟೆ. ಆರು ತಿಂದರು.

ಮಾರ್ಚ್ 24, ಸೋಮವಾರ

ಲ್ಯಾಬಿನಲ್ಲಿ ನೀರು ಬದಲಿಸುವವರು ನಮ್ಮ ಫಿನಾಯಿಲಕ್ಕ. ಅವರ ಮೇಜಿನ ಮೇಲೆ ಸೊಳ್ಳೆ ಕೂತರೂ ಕಾಲು ಒರೆಸಿಕೊಂಡು ಕೂರಬೇಕು. ವಿಷಯ ಹೇಳಿದರೆ ಅಳುವ ಹಾಗಾದರು. ಅಷ್ಟು ಗಲೀಜು ನೀರಲ್ಲಿ ಹೇಗೆ ಬಿಡಲಿ ಎಂದರು. ತಪ್ಪು ಅವರದ್ದಲ್ಲ. ನೀರು ಯಾಕೆ ಬದಲಿಸುತ್ತೀರಿ ಎಂದು ಮೂರು ವರ್ಷ ಕೇಳದವಳು ನಾನು. ಎರಡು ಜಾಡಿ ಇಡಲು ಹೇಳಿದೆ: ಒಂದಕ್ಕೆ ದಿನಾ ಹೊಸ ನೀರು, ಇನ್ನೊಂದನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟದಿರುವುದು ಅವರಿಗೆ ದೊಡ್ಡ ಶಿಕ್ಷೆ.

ಮನೆಯಲ್ಲಿ ಮಾವ ರಿಜಿಸ್ಟರಿನ ಆ ಐದು ಸಾಲಿಗೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಮುಚ್ಚಳ ತೆಗೆಯಲಾಗಲಿಲ್ಲ' ಎಂದು ಬರೆದು ರುಜು ಹಾಕಿದ್ದಾರೆ. ಕೆಲಸ ಮುಂದುವರಿಸಬಹುದಾ ಎಂದು ಕೇಳಿದರು. ಒಂದು ಷರತ್ತು ಎಂದೆ: ಸುಳ್ಳು ಸಾಲು ಬರೆದರೆ ಕೆಲಸದಿಂದ ವಜಾ, ಪ್ರತಿ ಸಾಲಿನ ಕೆಳಗೂ ನನ್ನ ರುಜು. ಬಾಯಿಮಾತು ಆಗುವುದಿಲ್ಲ, ಬರೆದುಕೊಡು ಎಂದರು. ಮೊದಲ ಪುಟದಲ್ಲಿ ಬರೆದುಕೊಟ್ಟೆ.

ಮಾರ್ಚ್ 29, ಶನಿವಾರ

ಅಂದುಕೊಂಡದ್ದೇ ಆಯಿತು. ಹೊಸ ನೀರಿನ ಚೆಂಡು ನಿನ್ನೆಗೆ ಮಾಯ. ಮುಟ್ಟದ ನೀರಿನದು ಸಿಪ್ಪೆ ಕಟ್ಟಿಕೊಂಡು ಕಲ್ಲಿನಂತಿದೆ. ಸಾಹೇಬರಿಗೆ ತೋರಿಸಿದೆ. ಬಾವಿಯ ನೀರು ಬದಲಿಸಲು ಆಗುವುದಿಲ್ಲ, ಚೆಂಡನ್ನೇ ಬದಲಿಸಿ, ಹತ್ತು ದಿನ ಇದೆ ಎಂದರು.

ಮನೆಯಲ್ಲಿ ಮಾವ ಕೆಟಲಿನ ತಳದ ಬಿಳಿ ಕರೆಗೆ ನಿಂಬೆಹೋಳು ತಿಕ್ಕುತ್ತಿದ್ದರು. ಈಚೆಗೆ ಟೀ ಅವರೇ ಮಾಡುತ್ತಾರೆ. ಬಲಗೈ ಕೆಟಲು ಹಿಡಿಯುತ್ತದೆ, ಎಡಗೈ ತಿಕ್ಕುತ್ತದೆ. ಹುಳಿ ತಾಗಿದಲ್ಲೆಲ್ಲ ಕರೆ ಬಿಡುತ್ತಿತ್ತು, ನೋಡುತ್ತಾ ನಿಂತೆ. ಬಿಸಿನೀರಿನಲ್ಲಿ ನಿಧಾನವಾಗಿ ಕರಗಿ ಹುಳಿ ಬಿಡುವ ಪ್ಲಾಸ್ಟಿಕ್ಕು ನಮ್ಮ ಸ್ಟೋರಿನಲ್ಲೇ ಇದೆ. ಚೆಂಡಿನೊಳಗೆ ಅದನ್ನು ಪದರ ಪದರವಾಗಿ ಸೇರಿಸಿದರೆ? ಹೊರಗೆ ಕವಚ, ಆಮೇಲೆ ಮೆಗ್ನೀಸಿಯಂ, ಆಮೇಲೆ ಹುಳಿ, ಮತ್ತೆ ಮೆಗ್ನೀಸಿಯಂ, ಮತ್ತೆ ಹುಳಿ, ನಡುವೆ ಗೋಲಿಯಷ್ಟು ಅದೇ ಲೋಹ. ಒಂದು ಪದರ ಕೆಡಿಸಿದ ನೀರನ್ನು ಮುಂದಿನ ಪದರ ಸರಿಮಾಡಬೇಕು.

ಊಟದ ಮೇಜಿನ ಮೇಲೆ ಈರುಳ್ಳಿ ಕೊಯ್ದು ಮಾವನಿಗೆ ತೋರಿಸಿದೆ. ಇಬ್ಬರ ಕಣ್ಣಲ್ಲೂ ನೀರು. ಡ್ಯೂಟಿ ಮುಗಿಸಿ ಬಂದ ಇವರು ಗಾಬರಿಯಾಗಿ ಯಾರಿಗೆ ಏನಾಯಿತು ಎಂದರು.

ಏಪ್ರಿಲ್ 2, ಬುಧವಾರ

ಪದರಗಳು ಒಂದಕ್ಕೊಂದು ಅಂಟುತ್ತಿಲ್ಲ. ಒತ್ತಡ ಕೊಟ್ಟರೆ ಸಿಪ್ಪೆಯ ಹಾಗೆ ಸುಲಿದು ಬರುತ್ತವೆ. ಏಳು ಚೆಂಡು ಹಾಳು.

ಮಾವ ನನಗಾಗಿ ಟೀ ಫ್ಲಾಸ್ಕಿನಲ್ಲಿ ಹಾಕಿ ಕಳಿಸಿದ್ದರು. ಅದರ ಮುಚ್ಚಳವನ್ನು ಅವರೇ ಹಾಕಿದ್ದು. ಬ್ಯಾಗಿನಲ್ಲೆಲ್ಲ ಟೀ. ರೇಗಬೇಕಿತ್ತು, ಎಷ್ಟು ಚೆನ್ನಾಗಿ ಪ್ರಯತ್ನ ಮಾಡಿದ್ದಾರೆ ಅನ್ನಿಸಿತು.

ಏಪ್ರಿಲ್ 5, ಶನಿವಾರ

ಅಂಟಿತು. ಲೋಹದ ಮೈಯನ್ನು ಮೊದಲು ಒರಟು ಮಾಡಿಕೊಂಡು, ಬಿಸಿಯಲ್ಲಿ ಒತ್ತಿ, ಒತ್ತಡ ಬಿಡದೆ ತಣಿಸಿದೆವು. ಪರೀಕ್ಷೆಯ ಬಳೆಯ ಮೇಲೆ ಇಪ್ಪತ್ತನಾಲ್ಕು ಗಂಟೆ ಕೂತಿತು, ಒಂದು ಹನಿ ಇಳಿಯಲಿಲ್ಲ. ಬಾವಿಗೆ ಒಂದು, ನಮ್ಮ ಜಾಡಿಗೆ ಒಂದು ಆಗುವಂತೆ ಎರಡು ಚೆಂಡು ತೆಗೆದಿಟ್ಟೆ. ಕರಗುವುದನ್ನು ಮೊದಲೇ ನೋಡುವಷ್ಟು ದಿನ ಉಳಿದಿಲ್ಲ.

ಏಪ್ರಿಲ್ 6, ಭಾನುವಾರ

ಮನೆಯಲ್ಲಿ ಬಿಸ್ಕತ್ತೆಲ್ಲ ಮೆತ್ತಗಾಗಿವೆ, ಸಕ್ಕರೆಗೆ ಇರುವೆ ಬಂದಿದೆ, ಯಾವ ಡಬ್ಬದ ಮುಚ್ಚಳವೂ ಸರಿಯಾಗಿ ಕೂತಿಲ್ಲ, ನಿನಗೇನಾಗಿದೆ ಎಂದು ಇವರು ಕೇಳಿದರು. ಕೆಲಸದ ಒತ್ತಡ ಇರಬೇಕು.

ಏಪ್ರಿಲ್ 8, ಮಂಗಳವಾರ

ಹತ್ತು ಇಪ್ಪತ್ತಕ್ಕೆ ಬಾವಿಯ ಚೆಂಡು ಇಳಿಯಿತು. ಮೇಸ್ತ್ರಿ ಫೋನಿನಲ್ಲಿ ಎಣಿಸಿದ, ನಾನು ಮನೆಗೆ ಇನ್ನೊಂದು ಫೋನಿನಲ್ಲಿ ಎಣಿಸಿದೆ, ಮಾವ ಅದೇ ಗಳಿಗೆಗೆ ನಮ್ಮ ಚೆಂಡನ್ನು ಜಾಡಿಗೆ ಬಿಟ್ಟರು. ಮುಚ್ಚಳ ಅವರೇ ಹಾಕಿದರು, ಎರಡೂ ಕೈಯಲ್ಲಿ. ಇವತ್ತಿನ ಸಾಲು: 'ನೀರು ಬದಲಿಸುವುದಿಲ್ಲ. ಬಲಗೈ ಮುಚ್ಚಳ ಹಿಡಿಯಿತು.' ಎರಡನೆಯದು ಪರೀಕ್ಷೆಗೆ ಸೇರಿದ್ದಲ್ಲ, ಆದರೂ ರುಜು ಹಾಕಿದೆ.

ಏಪ್ರಿಲ್ 10, ಗುರುವಾರ

ಬಾವಿಯಲ್ಲಿ ಹಿಡಿದಿದೆ, ಬಂಡೆ ಸೀಳಿದೆ. ಕಳೆದ ಸಲವೂ ಇಲ್ಲಿಯವರೆಗೆ ಚೆನ್ನಾಗೇ ಇತ್ತು. ಜಾಡಿಯ ನೀರು ಕಪ್ಪಗೆ ಕದಡಿ ಒಳಗೇನೂ ಕಾಣುತ್ತಿಲ್ಲ. ಮಾವ ಅದಕ್ಕೆ ಕಿವಿಯಿಟ್ಟು ಕೂತಿರುತ್ತಾರೆ. ಗುಳ್ಳೆಯ ಸದ್ದು ಕೇಳುತ್ತದಂತೆ.

ಅಕ್ಕ ಫೋನ್ ಮಾಡಿದ್ದರು. ಕೋಣೆ ಸಿದ್ಧ, ಬಚ್ಚಲಿಗೆ ಹಿಡಿಕೆ ಹಾಕಿಸಿದ್ದಾರೆ, ಭಾನುವಾರ ಬರುತ್ತಾರೆ. ಯಾವ ಭಾನುವಾರ ಎಂದು ಕೇಳಿಬಿಟ್ಟೆ. ನನ್ನ ಮರೆವಿಗೆ ಅವರೇ ನಕ್ಕರು.

ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ನಾಲ್ಕು ದಿನ ತುಂಬಿತು. ಮಾವ ಮುಚ್ಚಳ ತೆಗೆದರು, ನಾನು ಜಾಲರಿ ಸೌಟನ್ನು ತಳದವರೆಗೂ ಆಡಿಸಿದೆ. ಏನೂ ಸಿಗಲಿಲ್ಲ, ಒಂದು ಚಿಟಿಕೆ ಪುಡಿ ಬಿಟ್ಟರೆ. ಇಬ್ಬರೂ ಕಪ್ಪು ನೀರನ್ನು ನೋಡುತ್ತಾ ನಿಂತೆವು. ಸಾಲು ಬರೆಯಿರಿ ಎಂದೆ. ಮಾವ ಪೆನ್ನು ತೆಗೆದು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು, ಆಮೇಲೆ ಬರೆಯುತ್ತೇನೆ ಎಂದರು. ಹೊತ್ತು ಮೀರಿ ಬರೆಯುವವರೇ ಅಲ್ಲ ಅವರು.

ನಾಲ್ಕು ಗಂಟೆಗೆ ಮೇಸ್ತ್ರಿಯ ಫೋನು. ದಾರಿ ಬಿಟ್ಟಿದೆ, ಅನಿಲ ಮೇಲೆ ಬರುತ್ತಿದೆ, ಬೈರಿಗೆ ಬೇಕಾಗಲಿಲ್ಲ. ಸಾಹೇಬರು ವಿಭಾಗ ಉಳಿಯಿತು ಎಂದರು. ಫಿನಾಯಿಲಕ್ಕ ಫೋನಿನಲ್ಲೇ ಅತ್ತರು. ನಾನು ಸಂತೋಷದಿಂದ ಕುಣಿಯಬೇಕಿತ್ತು. ಮಾವನ ಕೋಣೆಗೆ ಹೇಳಲು ಹೋದರೆ ಅವರು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು. ಕೇಳಿ ನನ್ನ ತಲೆ ಮುಟ್ಟಿದರು, ಬಲಗೈಯಲ್ಲಿ. ಆಮೇಲೆ ನನಗೆ ಯಾಕೋ ಏನೂ ಬೇಡವಾಯಿತು, ಹೊತ್ತಿಗೆ ಮೊದಲೇ ಮಲಗಿದೆ.

ಏಪ್ರಿಲ್ 13, ಭಾನುವಾರ

ಅಕ್ಕ ಹನ್ನೊಂದಕ್ಕೆ ಬಂದರು. ಕಾರಿನ ಹಿಂದಿನ ಸೀಟಿಗೆ ಮೆತ್ತೆ, ದಿಂಬು ಎಲ್ಲ ಹಾಸಿಕೊಂಡು ಬಂದಿದ್ದರು. ಇವರು ಟ್ರಂಕು ತಂದು ಬಾಗಿಲಲ್ಲಿಟ್ಟರು. ಮಾವ ಶರ್ಟಿನ ಗುಂಡಿ ಹಾಕಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ, ಜಾಡಿಯ ಪಕ್ಕ ಕೂತಿದ್ದರು.

ಟೀ ಕುಡಿದಾಯಿತು. ಹೊರಡೋಣವಾ ಅಪ್ಪ ಎಂದು ಅಕ್ಕ ಎದ್ದರು.

"ಪರೀಕ್ಷೆ ಮುಗಿದಿಲ್ಲ ಅಕ್ಕ," ಎಂದೆ. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಮಾವ ಇಲ್ಲದಿದ್ರೆ ಜಾಡಿ ನೋಡೋರು ಯಾರೂ ಇಲ್ಲ."

ಇವರು ನನ್ನನ್ನೇ ನೋಡಿದರು. ನಿನ್ನೆ ನಾನೇ ಫೋನಿನಲ್ಲಿ ಇವರಿಗೆ ಎಲ್ಲ ಹೇಳಿದ್ದೆ. ಬಾಯಿ ಬಿಡಲಿಲ್ಲ, ಪುಣ್ಯ. ಅಕ್ಕ ಬಗ್ಗಿ ಜಾಡಿ ನೋಡಿದರು. ಕಪ್ಪು ನೀರು, ಏನು ಕಾಣುತ್ತದೆ? ಅದರೊಳಗೆ ಚೆಂಡು ಇದೆಯಾ ಎಂದು ಕೇಳಿದರು. ಮುಚ್ಚಳ ತೆಗೆಯುವಂತಿಲ್ಲ ಎಂದೆ. ಅಕ್ಕ ರಿಜಿಸ್ಟರು ಎತ್ತಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಡೊಂಕು ಗೆರೆ, ಕೆಂಪು ಗೆರೆ, ಮುಚ್ಚಳ ತೆಗೆಯಲಾಗಲಿಲ್ಲ, ಬಲಗೈ ಮುಚ್ಚಳ ಹಿಡಿಯಿತು. ಬರಬರುತ್ತಾ ಅಕ್ಷರಗಳು ನೆಟ್ಟಗಾಗಿದ್ದವು. ಕೊನೆಗೆ ಬರುವ ಹೊತ್ತಿಗೆ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು.

"ನಿನ್ನೆಯದು, ಇವತ್ತಿನದು ಬರೆದಿಲ್ವಲ್ಲಪ್ಪ," ಎಂದರು.

ಮಾವ ಪೆನ್ನು ತೆಗೆದರು. ಗಡಿಯಾರ ನೋಡಿ ನಿಧಾನವಾಗಿ ಬರೆದರು. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, ಪೆನ್ನು ಮುಂದೆ ಹಿಡಿದು, ಕೆಲಸ ಹೋಗುವವರ ಮುಖ ಮಾಡಿಕೊಂಡು ಕಾದರು.

'ಏಪ್ರಿಲ್ 13. 11.40. ನೀರು ಬದಲಿಸಿಲ್ಲ. ಚೆಂಡು ಇನ್ನೂ ಸ್ವಲ್ಪ ಉಳಿದಿದೆ.'

ಅದರ ಕೆಳಗೆ ನಾನು ರುಜು ಹಾಕಿದೆ.